ಮಲ್ಪೆ ಬಂದರಿನ ಮೀನೂಟ: ಮಕ್ಕಳು, ಹಿರಿಯರು ಜೊತೆಗಿದ್ದರೆ ಏನು ಕೇಳಬೇಕು, ಏನು ಬಿಡಬೇಕು?

ಪ್ರಶ್ನೆ: ನಮ್ಮದು ದಾವಣಗೆರೆ. ಡಿಸೆಂಬರ್ ರಜೆಯಲ್ಲಿ ಮನೆಯವರೆಲ್ಲ ಸೇರಿ ಮಲ್ಪೆಗೆ ಹೊರಟಿದ್ದೇವೆ, ಒಂಬತ್ತು ಜನ. ಐದು ವರ್ಷದ ಮಗ, ಎಂಟು ವರ್ಷದ ಮಗಳು, ಬಿಪಿ ಇರುವ ಮಾವ, ಮೀನು ಮುಟ್ಟದ ಅತ್ತೆ, ಸಿಗಡಿ ತಿಂದರೆ ಮೈಯೆಲ್ಲ ದದ್ದು ಏಳುವ ನಾದಿನಿ ಎಲ್ಲರೂ ಇರುತ್ತಾರೆ. ರೆಸಾರ್ಟ್ ಬೇಡ, ಬಂದರಿನ ಹತ್ತಿರದ ಸಾದಾ ಹೋಟೆಲಿನಲ್ಲಿ ಕೂತು ತಾಜಾ ಮೀನು ತಿನ್ನಬೇಕು ಅಂತ ಆಸೆ. ನಮಗೆ ಗೊತ್ತಿರುವುದು ಕೆರೆ ಮೀನು ಮಾತ್ರ. ಒಳ್ಳೆ ಹೋಟೆಲ್ ಗುರುತಿಸುವುದು ಹೇಗೆ? ಯಾವ ಮೀನು ಕೇಳಬೇಕು? ಮುಳ್ಳಿನ ಭಯ, ಖಾರದ ಭಯ ಎರಡೂ ಇವೆ.

ಉತ್ತರ: ಮೆನು ಕಾರ್ಡ್ ಆಮೇಲೆ ನೋಡಿ. ಕೂತ ತಕ್ಷಣ ಸಪ್ಲೈಯರ್ ಹತ್ತಿರ ಕೇಳಬೇಕಾದ್ದು ಒಂದೇ ಮಾತು: "ಇವತ್ತು ಯಾವ ಮೀನು ಬಂದಿದೆ?" ಅವರು ಎರಡು ಮೂರು ಹೆಸರು ಹೇಳಿ, "ಮಾಂಜಿ (ಪಾಂಫ್ರೆಟ್) ಇಲ್ಲ, ಏಡಿ ಇಲ್ಲ" ಅಂದರೆ ಖುಷಿಪಡಿ. ಇಲ್ಲ ಅನ್ನುವ ಹೋಟೆಲನ್ನು ನಂಬಬಹುದು. ಕಾರ್ಡಿನಲ್ಲಿರುವ ನಲವತ್ತು ಐಟಂ ವರ್ಷವಿಡೀ ಉಂಟು ಅನ್ನುವ ಕಡೆ ಫ್ರೀಜರ್ ದೊಡ್ಡದಿದೆ ಅಂತ ಅರ್ಥ. ಫ್ರೀಜರ್ ಮೀನು ಕೆಟ್ಟದ್ದೇನಲ್ಲ, ಸರಿಯಾಗಿ ಇಟ್ಟಿದ್ದರೆ ತಿನ್ನಲು ತೊಂದರೆಯಿಲ್ಲ. ಆದರೆ ಅಷ್ಟು ದೂರ ಬಂದು, ಬಂದರಿನ ಪಕ್ಕದಲ್ಲೇ ಕೂತು, ಅದಕ್ಕೆ ಜಾಸ್ತಿ ದುಡ್ಡು ಯಾಕೆ ಕೊಡಬೇಕು ಅಲ್ವಾ?

ಹೊರಗಿನಿಂದ ಬಂದವರು ಸಾಮಾನ್ಯವಾಗಿ ತಪ್ಪು ತಿಳಿಯುವ ವಿಷಯ ಒಂದಿದೆ. ಬಂದರಿಗೆ ಬರುವ ಮೀನೆಲ್ಲ ಆ ದಿನವೇ ಹಿಡಿದದ್ದಲ್ಲ. ಮಲ್ಪೆಯಿಂದ ಹೊರಡುವ ಆಳಸಮುದ್ರದ ಟ್ರಾಲ್ ಬೋಟುಗಳು ಹತ್ತು ದಿನದಷ್ಟು ಕಾಲ ಸಮುದ್ರದಲ್ಲೇ ಇರುತ್ತವೆ. ಮೊದಲ ದಿನ ಹಿಡಿದ ಮೀನು ಬೋಟಿನ ಹೊಟ್ಟೆಯಲ್ಲಿ ಐಸಿನ ನಡುವೆ ಕೂತು ಕೊನೆಯ ದಿನ ದಡ ಸೇರುತ್ತದೆ. ಪರ್ಸೀನ್ ಬೋಟುಗಳ ಲೆಕ್ಕ ಬೇರೆ. ಬೆಳಗಿನ ಜಾವ ಹೋಗಿ, ಬಂಗುಡೆ (ಮ್ಯಾಕರೆಲ್), ಬೂತಾಯಿಯ (ಸಾರ್ಡೀನ್) ಗುಂಪಿಗೆ ಸುತ್ತಲೂ ಬಲೆ ಹಾಕಿ, ಸಾಮಾನ್ಯವಾಗಿ ಅದೇ ದಿನ ವಾಪಸ್ ಬರುತ್ತವೆ. ದಡದ ಹತ್ತಿರ ಹಿಡಿಯುವ ನಾಡದೋಣಿಗಳದ್ದೂ ಅಷ್ಟೇ. ಹಾಗಾಗಿ ತಟ್ಟೆಯಲ್ಲಿ ಎಲ್ಲಕ್ಕಿಂತ ತಾಜಾ ಇರುವುದು ಬಹಳ ಸಲ ಅಲ್ಲಿನ ಅತಿ ಅಗ್ಗದ ಮೀನೇ. ನೆಂಟರ ಮುಂದೆ ಘನತೆಗೆ ಅಂಜಲ್ (ಕಿಂಗ್‌ಫಿಶ್) ತರಿಸುತ್ತಾರೆ, ಪಕ್ಕದ ಟೇಬಲಿನಲ್ಲಿ ಬೋಟಿನ ಹುಡುಗರು ಬಂಗುಡೆ ತಿನ್ನುತ್ತಿರುತ್ತಾರೆ. ರುಚಿಯ ವಿಷಯದಲ್ಲಿ ನಾನು ಆ ಹುಡುಗರ ಪಕ್ಷ.

ನೀವು ಬರುವ ತಿಂಗಳು ಒಳ್ಳೆಯದು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಪೂರ್ವ ಕರಾವಳಿಯಲ್ಲಿ ಇದೇ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಹೀಗಾಗಿ ಜುಲೈ ಮಳೆಯಲ್ಲಿ ಮಲ್ಪೆಯಲ್ಲಿ ಕೂತು ತಿನ್ನುವ ದೊಡ್ಡ ಮೀನು ತಮಿಳುನಾಡಿನಿಂದಲೋ ಆಂಧ್ರದಿಂದಲೋ ಲಾರಿಯಲ್ಲಿ ಬಂದದ್ದಿರಬಹುದು. ಡಿಸೆಂಬರಿನಲ್ಲಿ ಆ ಗೋಜಿಲ್ಲ. ಬೋಟುಗಳೆಲ್ಲ ನೀರಿನಲ್ಲಿರುತ್ತವೆ, ಸಮುದ್ರವೂ ಶಾಂತ. ತೊಂದರೆ ಇರುವುದು ಜನಸಂದಣಿಯದ್ದು. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಮಲ್ಪೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರೆಲ್ಲ ಬಿಸಿಲಲ್ಲಿ ಬೆಂದು, ಮಧ್ಯಾಹ್ನ ಎರಡು ಗಂಟೆಗೆ ಒಟ್ಟಿಗೇ ಹಸಿದು ಬರುತ್ತಾರೆ. ಆಗ ಅಡುಗೆಮನೆಯವರಿಗೆ ನಿಮ್ಮ ಮಗುವಿನ ಖಾರದ ಬಗ್ಗೆ ಯೋಚಿಸಲು ಪುರುಸೊತ್ತಿರುವುದಿಲ್ಲ. ಹನ್ನೆರಡು ಕಾಲಕ್ಕೆಲ್ಲ ಹೋಗಿ ಕೂತುಬಿಡಿ. ದ್ವೀಪ ಬೆಳಿಗ್ಗೆಯೇ ಮುಗಿಸಿ, ಇಲ್ಲವೇ ಊಟದ ಮೇಲೆ ಇಟ್ಟುಕೊಳ್ಳಿ.

ಹೋಟೆಲ್ ಆಯ್ಕೆಗೆ ದೊಡ್ಡ ಸೂತ್ರವೇನೂ ಇಲ್ಲ. ಬಂದರಿನ ಕೆಲಸದವರು, ಮೀನಿನ ಲಾರಿ ಡ್ರೈವರುಗಳು, ಊರಿನ ಸಂಸಾರಗಳು ಮೂರೂ ಕಂಡರೆ ಒಳಗೆ ಹೋಗಿ. ಎಷ್ಟೋ ಕಡೆ ಹಸಿ ಮೀನನ್ನು ಟ್ರೇಯಲ್ಲಿ ತಂದು ತೋರಿಸುತ್ತಾರೆ, ಅಥವಾ ಕೌಂಟರಿನಲ್ಲೇ ಐಸಿನ ಮೇಲೆ ಜೋಡಿಸಿರುತ್ತಾರೆ. ತೋರಿಸದಿದ್ದರೆ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಗುಳಿಬಿದ್ದು ಬೆಳ್ಳಗಾಗಿರಬಾರದು. ಕಿವಿರು ಕೆಂಪಗಿರಬೇಕು. ಬೆರಳಿಂದ ಒತ್ತಿದರೆ ಮಾಂಸ ಕೂಡಲೇ ಮೇಲೆ ಬರಬೇಕು. ಬಂಗುಡೆಗೆ ಇನ್ನೂ ಒಂದು ಗುರುತಿದೆ: ಹೊಟ್ಟೆ ಬಿಗಿಯಾಗಿರಬೇಕು. ಹೊಟ್ಟೆ ಮೆತ್ತಗಾಗಿ ಒಡೆಯುವಂತಿದ್ದರೆ ಬೇಡ. ಮೊದಲೇ ಮಸಾಲೆ ಬಳಿದಿಟ್ಟ ಮೀನಿನಲ್ಲಿ ಇದ್ಯಾವುದೂ ಕಾಣುವುದಿಲ್ಲ ಅನ್ನುವುದೂ ನೆನಪಿರಲಿ.

ಮಾಂಜಿ, ಅಂಜಲ್, ದೊಡ್ಡ ಸಿಗಡಿ, ಏಡಿ ಇವುಗಳ ಮುಂದೆ ಕಾರ್ಡಿನಲ್ಲಿ ರೇಟ್ ಬರೆದಿರುವುದಿಲ್ಲ, 'ಸೈಜ್ ನೋಡಿ' ಅಂತಲೋ ಏನೋ ಇರುತ್ತದೆ. ಇದು ಮೋಸವಲ್ಲ, ಹರಾಜಿನ ರೇಟ್ ದಿನಾ ಬದಲಾಗುತ್ತದೆ. ಆದರೆ ಮೀನು ಬಾಣಲೆಗೆ ಬೀಳುವ ಮೊದಲು ರೇಟ್ ಕೇಳಿಕೊಳ್ಳಿ. "ಇದು ಒಂದಕ್ಕೆ ಎಷ್ಟು?" ಅಂತ ಮೀನು ತೋರಿಸಿಯೇ ಕೇಳಿ. ಬಿಲ್ ಬಂದ ಮೇಲೆ ಜಗಳ ಆಡುವುದಕ್ಕಿಂತ ಇದು ವಾಸಿ.

ಈಗ ಮುಳ್ಳಿನ ವಿಷಯ. ಐದು ವರ್ಷದವನಿಗೆ ಬೂತಾಯಿ ಕೊಡಬೇಡಿ. ರುಚಿಯಲ್ಲಿ ಅದು ರಾಜ, ಆದರೆ ಕೂದಲಿನಂಥ ಮುಳ್ಳು ತುಂಬಾ. ಅವನಿಗೆ ಅಂಜಲ್ ಸರಿ. ಅಂಜಲನ್ನು ಅಡ್ಡಕ್ಕೆ ಕೊಯ್ದು ತುಂಡು ಮಾಡುತ್ತಾರೆ, ನಡುವೆ ದಪ್ಪ ಮುಳ್ಳು, ಅದರ ಅಕ್ಕಪಕ್ಕ ಒಂದೆರಡು ಸಣ್ಣವು. ಮಕ್ಕಳಿಗೆ ಅಂತ ಹೇಳಿ ಬಾಲದ ಕಡೆಯ ತುಂಡು ಕೇಳಿ. ಹೊಟ್ಟೆಯ ಭಾಗದ ತುಂಡು ದೊಡ್ಡದಾಗಿ ಚೆಂದ ಕಾಣುತ್ತದೆ, ಆದರೆ ಪಕ್ಕೆಲುಬಿನ ಮುಳ್ಳು ಅಲ್ಲೇ ಇರುವುದು. ಬಾಲದ ಕಡೆಯದ್ದು ಚಿಕ್ಕದು, ಎಷ್ಟೋ ಸಲ ಅಗ್ಗವೂ ಹೌದು. ಕಾಣೆ ಇದ್ದರೆ ಇನ್ನೂ ಒಳ್ಳೆಯದು. ಉದ್ದ, ತೆಳು, ಬೆಳ್ಳನೆ ಮೀನು. ಮಾಂಸ ಮೆತ್ತಗೆ, ವಾಸನೆ ಬಹಳ ಕಮ್ಮಿ, ಮೊದಲ ಸಲ ಸಮುದ್ರದ ಮೀನು ತಿನ್ನುವವರಿಗೆ ಇದಕ್ಕಿಂತ ಸಲೀಸಾದದ್ದು ನನಗೆ ಗೊತ್ತಿಲ್ಲ. ಬೊಂಡಾಸಿನಲ್ಲಿ (ಸ್ಕ್ವಿಡ್) ಮುಳ್ಳೇ ಇಲ್ಲ ಅಂತ ಮಕ್ಕಳಿಗೆ ತರಿಸುವವರಿದ್ದಾರೆ. ಎಂಟು ವರ್ಷದವಳಿಗೆ ಪರವಾಗಿಲ್ಲ. ಚಿಕ್ಕವನಿಗೆ ಬೇಡ, ಜಾಸ್ತಿ ಬೆಂದರೆ ಅದು ರಬ್ಬರಿನ ಹಾಗಾಗುತ್ತದೆ, ಅಗಿಯಲಾಗದೆ ಹಾಗೇ ನುಂಗಿಬಿಡುತ್ತಾನೆ.

ದೊಡ್ಡವರು ಬಂಗುಡೆ ತಿನ್ನಲೇಬೇಕು, ಹಾಗಾಗಿ ಬಿಡಿಸುವ ಕ್ರಮ ಹೇಳುತ್ತೇನೆ. ತವಾ ಫ್ರೈ ಬಂಗುಡೆ ತಟ್ಟೆಗೆ ಇಡಿಯಾಗಿ ಬರುತ್ತದೆ, ಮೈಮೇಲೆ ಎರಡು ಮೂರು ಗೀರು ಹಾಕಿರುತ್ತಾರೆ. ಮಗ್ಗುಲಲ್ಲಿ, ತಲೆಯಿಂದ ಬಾಲದವರೆಗೆ, ನಡು ಭಾಗದಲ್ಲಿ ಒಂದು ಗೆರೆ ಸಾಗುತ್ತದೆ. ಆ ಗೆರೆಯ ಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತಾ ಹೋಗಿ. ಮಾಂಸ ತಾನೇ ಎರಡು ಪಾಲಾಗುತ್ತದೆ. ಬೆನ್ನಿನ ಪಾಲನ್ನು ಮೇಲಕ್ಕೆ ದೂಡಿ, ಹೊಟ್ಟೆಯ ಪಾಲನ್ನು ಕೆಳಕ್ಕೆ. ಬೆನ್ನಿನ ಪಾಲು ಹೆಚ್ಚುಕಡಿಮೆ ಚೊಕ್ಕಟ. ಹೊಟ್ಟೆಯ ಪಾಲಿನಲ್ಲಿ ಬಾಗಿದ ಪಕ್ಕೆಲುಬುಗಳಿರುತ್ತವೆ. ಎರಡೂ ಸೇರುವ ಅಂಚಿನಲ್ಲಿ ಸಾಲಾಗಿ ಸಣ್ಣ ಮುಳ್ಳು ಸಿಗುತ್ತದೆ, ಅಲ್ಲಿ ಒಂದು ಸಲ ಬೆರಳಾಡಿಸಿ ತೆಗೆದುಬಿಡಿ. ಮೇಲಿನ ಮಗ್ಗುಲು ಮುಗಿದ ಮೇಲೆ ಬಾಲ ಹಿಡಿದು ಎತ್ತಿ, ನಡು ಮುಳ್ಳು ತಲೆಯ ಸಮೇತ ಒಂದೇ ಪಟ್ಟಿಯಾಗಿ ಎದ್ದು ಬರುತ್ತದೆ. ತಾಜಾ ಮೀನಾಗಿದ್ದರೆ ಮಾಂಸ ಪದರ ಪದರವಾಗಿ ಬಿಡುತ್ತದೆ. ಹಿಟ್ಟಿನ ಹಾಗೆ ಪುಡಿಯಾದರೆ ಸಪ್ಲೈಯರನ್ನು ಕರೆದು ಹೇಳಿ.

ಚಮಚ, ಫೋರ್ಕ್ ಪಕ್ಕಕ್ಕಿಡಿ. ಮುಳ್ಳು ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತದೆ. ಮಗನಿಗೆ ನೀವೇ ಬಿಡಿಸಿ, ಬೆರಳಲ್ಲಿ ಹಿಸುಕಿ ನೋಡಿ, ಆಮೇಲೆ ಅನ್ನಕ್ಕೆ ಕಲಸಿ ಕೊಡಿ. ಓಡಾಡುತ್ತಾ, ಮೊಬೈಲ್ ನೋಡುತ್ತಾ ಮೀನು ತಿನ್ನುವುದು ಬೇಡವೇ ಬೇಡ. ಗಂಟಲಿಗೆ ಮುಳ್ಳು ಸಿಕ್ಕರೆ ಅನ್ನದ ಉಂಡೆಯನ್ನೋ ಬಾಳೆಹಣ್ಣನ್ನೋ ನುಂಗಿಸುವ ಅಭ್ಯಾಸ ನಮ್ಮಲ್ಲಿದೆ. ಅದರಿಂದ ಮುಳ್ಳು ಇನ್ನೂ ಒಳಗೆ ನಾಟಬಹುದು. ಕೆಮ್ಮಲು ಬಿಡಿ, ನೀರು ಕುಡಿಸಿ, ಚುಚ್ಚುವುದು ನಿಲ್ಲದಿದ್ದರೆ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ. ಆರು ಕಿಲೋಮೀಟರ್ ದೂರದಲ್ಲಿ ಉಡುಪಿ ಇದೆ, ಆಸ್ಪತ್ರೆಗೇನೂ ಕೊರತೆಯಿಲ್ಲ.

ಖಾರದ ಬಗ್ಗೆ ಅರ್ಧ ಭಯ ಬಿಟ್ಟುಬಿಡಿ. ನಮ್ಮ ಕಡೆಯ ಮಸಾಲೆಯ ಕೆಂಪು ಹೆಚ್ಚಾಗಿ ಬ್ಯಾಡಗಿ ಮೆಣಸಿನದ್ದು. ಅದು ನಿಮ್ಮ ಪಕ್ಕದ ಹಾವೇರಿ ಜಿಲ್ಲೆಯ ಹೆಸರಿನದೇ ಮೆಣಸು, ಬಣ್ಣ ಜಾಸ್ತಿ, ಖಾರ ಕಮ್ಮಿ ಅಂತ ನಿಮಗೇ ಗೊತ್ತು. ಗಸಿಗೆ (ಗಟ್ಟಿ ಮೀನು ಸಾರು) ತೆಂಗಿನಕಾಯಿ ಬೀಳುವುದರಿಂದ ಅದೂ ಹದವಾಗಿರುತ್ತದೆ. ಎಚ್ಚರ ಇರಬೇಕಾದ್ದು ಪುಳಿಮುಂಚಿಯ ಹತ್ತಿರ. ಹೆಸರೇ ಹೇಳುವ ಹಾಗೆ ಹುಳಿ ಮತ್ತು ಮೆಣಸಿನ ಜೋರು ಪದಾರ್ಥ ಅದು, ತೆಂಗಿನಕಾಯಿಯ ಆಸರೆ ಇಲ್ಲ. ಬಂಗುಡೆ ಪುಳಿಮುಂಚಿ ದೊಡ್ಡವರಿಗೆ ಸ್ವರ್ಗ, ಮಕ್ಕಳಿಗೆ ಬೇಡ.

ಮಕ್ಕಳಿಗೆ 'ಖಾರ ಕಮ್ಮಿ ಮಾಡಿ' ಅಂದರೆ ಸಾಲದು. ಬಂದರಿನ ಹೋಟೆಲುಗಳಲ್ಲಿ ಮೀನಿಗೆ ಬೆಳಿಗ್ಗೆಯೇ ಮಸಾಲೆ ಹಚ್ಚಿ ಇಟ್ಟಿರುತ್ತಾರೆ. ನೀವು ಕೇಳಿದ ಮೇಲೆ ಅದನ್ನು ತೊಳೆದು ಕೊಡಲು ಆಗುತ್ತದೆಯೇ? ರವಾ ಫ್ರೈ ಅಂದರೆ ಸಪ್ಪೆ ಅಂತ ಕೆಲವರು ತಿಳಿಯುತ್ತಾರೆ. ರವೆಯ ಕೆಳಗೆ ಅದೇ ಕೆಂಪು ಮಸಾಲೆ ಇರುತ್ತದೆ. ಹಾಗಾಗಿ ಕೇಳುವ ಮಾತು ಹೀಗಿರಲಿ: "ಮಸಾಲೆ ಹಚ್ಚದ ಮೀನು ಉಂಟಾ? ಉಪ್ಪು, ಅರಿಶಿನ, ಲಿಂಬೆಹುಳಿ ಹಾಕಿ ರವಾ ಫ್ರೈ ಮಾಡಿಕೊಡ್ತೀರಾ?" ಹೋಗುವ ದಿನ ಬೆಳಿಗ್ಗೆ ಫೋನ್ ಮಾಡಿ ಎರಡು ತುಂಡು ಎತ್ತಿಡಲು ಹೇಳಿದರೆ ಇನ್ನೂ ಸುಲಭ. ಜೊತೆಗೆ ನೀರ್ ದೋಸೆ ಇದ್ದರೆ ಮಕ್ಕಳ ಊಟ ಮುಗಿಯಿತು.

ನಾದಿನಿಯ ವಿಷಯವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಸಿಗಡಿ ಆಗದವರಿಗೆ ಏಡಿಯೂ ಆಗದಿರುವ ಸಾಧ್ಯತೆ ಹೆಚ್ಚು, ಎರಡರಲ್ಲೂ ಅಲರ್ಜಿ ಎಬ್ಬಿಸುವ ಪ್ರೋಟೀನ್ ಒಂದೇ ಬಗೆಯದ್ದು. ಚಿಪ್ಪಿನೊಳಗಿರುವ ಮರುವಾಯಿ, ಪಚ್ಚಿಲೆ, ಜೊತೆಗೆ ಬೊಂಡಾಸ್ ಕೂಡ ಕೆಲವರಿಗೆ ಆಗುವುದಿಲ್ಲ. ಬಂಗುಡೆ, ಅಂಜಲ್‌ನಂಥ ಮೀನಿನ ಪ್ರೋಟೀನ್ ಬೇರೆ, ಹಾಗಾಗಿ ಸಿಗಡಿ ಅಲರ್ಜಿಯ ಎಷ್ಟೋ ಜನ ಮೀನನ್ನು ಆರಾಮಾಗಿ ತಿನ್ನುತ್ತಾರೆ. ಆದರೆ ಬಂದರಿನ ಅಡುಗೆಮನೆಯಲ್ಲಿ ತವಾ ಒಂದೇ, ಎಣ್ಣೆ ಒಂದೇ. ಸಿಗಡಿ ಹುರಿದ ತವಾದ ಮೇಲೆಯೇ ಅಂಜಲ್ ಬೀಳುತ್ತದೆ. ಇನ್ನೊಂದು ಯಾರಿಗೂ ಹೊಳೆಯದ ಜಾಗ ಇದೆ. ಮೀನೂಟದ ತಟ್ಟೆಯ ಮೂಲೆಯಲ್ಲಿ ಒಂದು ಚಿಟಿಕೆ ಚಟ್ನಿ ಹಾಕಿರುತ್ತಾರೆ. ಅದು ಒಣ ಸಿಗಡಿಯದ್ದಿರಬಹುದು. ಕಾಯಿಯ ಚಟ್ನಿ ಅಂದುಕೊಂಡು ತಿಂದುಬಿಡುತ್ತಾರೆ. ಕೂತ ಕೂಡಲೇ ಸಪ್ಲೈಯರಿಗೆ ಹೇಳಿ, ನಾದಿನಿಯ ಮೀನನ್ನು ಬೇರೆ ಬಾಣಲೆಯಲ್ಲಿ, ಹೊಸ ಎಣ್ಣೆಯಲ್ಲಿ ಮಾಡಲು ಒಪ್ಪುತ್ತಾರಾ ಕೇಳಿ. ಹಿಂದೆ ಯಾವತ್ತಾದರೂ ಅವರಿಗೆ ಉಸಿರು ಕಟ್ಟಿದ್ದರೆ, ತುಟಿ, ನಾಲಿಗೆ ಊದಿದ್ದರೆ, ಡಾಕ್ಟರನ್ನು ಕೇಳದೆ ಇಂಥ ಕಡೆ ಊಟವೇ ಬೇಡ. ಸುಮ್ನೆ ಧೈರ್ಯ ಮಾಡುವ ವಿಷಯ ಇದಲ್ಲ.

ಇದರ ಜೊತೆಗೆ ಎಲ್ಲರಿಗೂ ಅನ್ವಯಿಸುವ ಒಂದು ಮಾತು. ಬಂಗುಡೆ, ಬೂತಾಯಿ, ಕೇದರ್ (ಟ್ಯೂನಾ) ಹಿಡಿದ ಮೇಲೆ ಐಸ್ ಇಲ್ಲದೆ ಬಿಸಿಲಲ್ಲಿ ಬಿದ್ದಿದ್ದರೆ ಅವುಗಳಲ್ಲಿ ಹಿಸ್ಟಮಿನ್ ಅನ್ನುವ ವಸ್ತು ತುಂಬಿಕೊಳ್ಳುತ್ತದೆ. ಎಷ್ಟೇ ಹುರಿದರೂ ಅದು ಹೋಗುವುದಿಲ್ಲ. ತಿಂದು ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗುವುದು, ತುರಿಕೆ, ತಲೆನೋವು ಶುರುವಾಗುತ್ತದೆ. ಜನ 'ನನಗೆ ಮೀನು ಅಲರ್ಜಿ' ಅಂದುಕೊಂಡು ಜೀವನಪೂರ್ತಿ ಬಿಟ್ಟುಬಿಡುತ್ತಾರೆ. ತುತ್ತು ಬಾಯಿಗಿಟ್ಟಾಗ ಮಸಾಲೆಯ ಖಾರವಲ್ಲದ, ಕಾಳುಮೆಣಸಿನಂಥ ಚುರುಕು ನಾಲಿಗೆಗೆ ತಾಗಿದರೆ ಆ ಮೀನನ್ನು ಅಲ್ಲಿಗೇ ಬಿಡಿ. ದುಡ್ಡು ಹೋದರೆ ಹೋಗಲಿ.

ಮಾವನವರಿಗೆ ಹುರಿದದ್ದಕ್ಕಿಂತ ಗಸಿ ಒಳ್ಳೆಯದು, ಆದರೂ ಉಪ್ಪು ಎಲ್ಲದರಲ್ಲೂ ಇರುತ್ತದೆ. ಒಣಮೀನು, ಸಿಗಡಿ ಉಪ್ಪಿನಕಾಯಿ, ಹಪ್ಪಳ ಈ ಮೂರನ್ನು ದೂರ ಇಟ್ಟರೆ ಉಳಿದದ್ದು ಮಿತಿಯಲ್ಲಿ ಆದೀತು. ಅನ್ನ ಬಡಿಸುವಾಗ "ಕುಚ್ಚಲಕ್ಕಿಯಾ, ಬೆಳ್ತಿಗೆಯಾ?" ಅಂತ ಕೇಳುತ್ತಾರೆ. ನಿಮ್ಮ ಹೊಟ್ಟೆಗೆ ಅಭ್ಯಾಸ ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯ ಅನ್ನ, ಹಿರಿಯರಿಗೆ, ಮಕ್ಕಳಿಗೆ ಅದನ್ನೇ ಹಾಕಿಸಿ. ಕುಚ್ಚಲಕ್ಕಿಯ ದಪ್ಪ ಅಗುಳು ಮೊದಲ ಸಲ ಗಂಟಲಿಗೆ ಹೊಸದು. ನೀವು ಮಾತ್ರ ಒಂದು ಸೌಟು ಕುಚ್ಚಲಕ್ಕಿ ಹಾಕಿಸಿಕೊಂಡು ನೋಡಿ, ಬೂತಾಯಿ ಗಸಿಗೆ ಅದೇ ಸರಿ ಜೋಡಿ. ಮೀನಿನ ಮೇಲೆ ಮಜ್ಜಿಗೆ ಕುಡಿದರೆ ತೊನ್ನು ಬರುತ್ತದೆ ಅಂತ ಮನೆಯಲ್ಲಿ ಯಾರಾದರೂ ತಡೆಯಬಹುದು. ತೊನ್ನಿಗೂ ಅದಕ್ಕೂ ಸಂಬಂಧವಿಲ್ಲ. ನಂಬಿಕೆ ಮುರಿಯಲು ಮನಸ್ಸಿಲ್ಲದಿದ್ದರೆ ಪುನರ್ಪುಳಿ (ಕೋಕಂ) ಶರಬತ್ತು ತರಿಸಿ, ಜಗಳವೇ ಇಲ್ಲ.

ಅತ್ತೆಯವರನ್ನು ಒತ್ತಾಯ ಮಾಡಿ ಅಲ್ಲಿ ಊಟಕ್ಕೆ ಕೂರಿಸಬೇಡಿ. ಅಲ್ಲಿ ಸಸ್ಯಾಹಾರಿ ಊಟ ಸಿಕ್ಕರೂ ಸೌಟು, ತವಾ ಎಲ್ಲ ಒಂದೇ ಅಡುಗೆಮನೆಯದ್ದು, ವಾಸನೆಯೂ ಜೋರು. ಅವರನ್ನು ಮೊದಲು ಉಡುಪಿ ರಥಬೀದಿಯ ಕಡೆ ಕರೆದುಕೊಂಡು ಹೋಗಿ, ಕೃಷ್ಣನ ದರ್ಶನ, ಅಲ್ಲೇ ಊಟ ಮುಗಿಸಲಿ. ಆಮೇಲೆ ನಿಮ್ಮ ಜೊತೆ ಬಂದು ಎಳನೀರು ಕುಡಿಯುತ್ತಾ ಕೂರುತ್ತಾರೆ.

ಆರ್ಡರ್ ಒಂದೇ ಸಲ ಮಾಡಬೇಡಿ. ಒಂಬತ್ತು ಜನ ಅಂತ ಟೇಬಲ್ ತುಂಬಾ ಫ್ರೈ ತರಿಸಿದರೆ ಅರ್ಧ ತಣ್ಣಗಾಗಿ ಚರ್ಮದ ಹಾಗಾಗುತ್ತದೆ. ಮೊದಲು ಮಕ್ಕಳ ಕಾಣೆ, ನೀರ್ ದೋಸೆ. ಅವರು ತಿನ್ನುತ್ತಿರುವಾಗ ದೊಡ್ಡವರಿಗೆ ಮೀನೂಟ, ಸಾರು ಮತ್ತೆ ಮತ್ತೆ ಹಾಕುತ್ತಾರೆ, ಹೊಟ್ಟೆ ಅದರಲ್ಲೇ ತುಂಬುತ್ತದೆ. ಫ್ರೈಯನ್ನು ಎರಡೆರಡೇ ತರಿಸಿ, ತವಾದಿಂದ ನೇರ ತಟ್ಟೆಗೆ ಬರಲಿ. ಏಡಿ ತಿನ್ನುವ ಆಸೆಯಿದ್ದರೆ ಗಾತ್ರಕ್ಕೆ ಮರುಳಾಗಬೇಡಿ, ಕೈಯಲ್ಲಿ ಎತ್ತಿ ನೋಡಿ. ಚಿಪ್ಪು ಕಳಚಿ ಹೊಸದು ಬೆಳೆಸಿಕೊಂಡ ಏಡಿ ದೊಡ್ಡದಾಗಿ ಕಂಡರೂ ಒಳಗೆ ಪೊಳ್ಳು. ಭಾರ ಇದ್ದದ್ದರಲ್ಲಿ ಮಾಂಸ ಇರುತ್ತದೆ. ಮರುವಾಯಿ ಸುಕ್ಕದಲ್ಲಿ (ಒಣ ಪಲ್ಯ) ಬಾಯಿ ತೆರೆಯದ ಚಿಪ್ಪು ಸಿಕ್ಕರೆ ಕಿತ್ತು ತಿನ್ನಬೇಡಿ, ಪಕ್ಕಕ್ಕಿಡಿ.

ಮಕ್ಕಳಿಗೆ ಹರಾಜು ತೋರಿಸುವ ಮನಸ್ಸಿದ್ದರೆ ಬೆಳಿಗ್ಗೆ ಬೇಗ ಬಂದರಿಗೆ ಹೋಗಿ. ನೆಲವೆಲ್ಲ ಐಸ್ ನೀರು, ಜಾರುತ್ತದೆ. ಹವಾಯಿ ಚಪ್ಪಲಿ ಬೇಡ, ಹಗ್ಗ ದಾಟಬೇಡಿ, ಬುಟ್ಟಿ ಹೊತ್ತು ಓಡುವವರ ದಾರಿಗೆ ಅಡ್ಡ ನಿಲ್ಲಬೇಡಿ. ಮಗನ ಕೈ ಬಿಡಲೇಬೇಡಿ.

ವಾಪಸ್ ದಾವಣಗೆರೆಗೆ ಆಗುಂಬೆ ಮೇಲೆ ಹೋಗುವುದಾದರೆ ಕೊನೆಯ ದಿನದ ಊಟ ಸ್ವಲ್ಪ ಯೋಚಿಸಿ ಮಾಡಿ. ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಸಿಗಡಿ ಘೀ ರೋಸ್ಟ್ ತಿಂದ ಮಗು ಹಿಂದಿನ ಸೀಟಿನಲ್ಲಿದ್ದರೆ ನಾಲ್ಕನೇ ತಿರುವಿಗೇ ಕಾರು ನಿಲ್ಲಿಸಬೇಕಾಗುತ್ತದೆ. ತುಪ್ಪದ ಪದಾರ್ಥ ಹಿಂದಿನ ದಿನವೇ ಮುಗಿಸಿ, ಹೊರಡುವ ದಿನ ನೀರ್ ದೋಸೆ ಜೊತೆ ಒಂದು ತುಂಡು ಕಾಣೆ ಸಾಕು.